ಕೊನೆಯ ಸಾಲಿಗೆ ಕೇಳಿಸುವ ದನಿ



ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತು. ಜಡೆ ಊರಿನ ನಮ್ಮ ಮನೆಯ ಜಗುಲಿಯಲ್ಲಿ ಅಣ್ಣನ ಮಗಳು ಕಾಲೇಜಿನ ಪುಸ್ತಕ ಹಿಡಿದು ಕೂತಿದ್ದಳು. ಓದುತ್ತ ಓದುತ್ತ ತಲೆ ಎತ್ತಿ, "ಚಿಕ್ಕಪ್ಪ, ಹಿಸ್ಟ್ರಿಯಾನಿಕ್ ಅಂದ್ರೆ ಎಂತ?" ಅಂದಳು. ನಿಘಂಟು ತೆಗೆಯುವಷ್ಟು ವ್ಯವಧಾನ ನನಗಿರಲಿಲ್ಲ. "ನಾಟಕೀಯ ಅಂತ ಬರ್ಕೊ" ಎಂದೆ. ಅವಳು ಪೆನ್ನು ಎತ್ತಿದವಳು ಹಾಗೇ ನಿಂತಳು. "ನಾಟಕದ್ದು ಅಂತಲೋ, ನಾಟಕ ಮಾಡೋದು ಅಂತಲೋ?"

ನನಗೆ ಉತ್ತರ ಹೊಳೆಯಲಿಲ್ಲ. ನಾಟಕದ್ದು ಅಂದರೆ ಗೌರವ. ನಾಟಕ ಮಾಡೋದು ಅಂದರೆ ಬೈಗುಳ. ಒಂದೇ ಪದ, ಒಂದೇ ಜಗುಲಿ, ಎರಡು ಬೇರೆ ಲೋಕ. ಅವತ್ತಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ. ಇವತ್ತು ನಿಮ್ಮೊಡನೆ ಅದನ್ನೇ ಮಾತಾಡುತ್ತೇನೆ.

ಇಂಗ್ಲಿಷಿನಲ್ಲೂ ಅದಕ್ಕೆ ಈ ಎರಡು ಮುಖಗಳಿವೆ. ಲ್ಯಾಟಿನ್ನಿನಿಂದ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ ಇದು. ನಟನಿಗೆ ಸಂಬಂಧಪಟ್ಟದ್ದು, ನಟನೆಯ ಕಲೆಗೆ ಸೇರಿದ್ದು ಎಂಬುದು ನೇರವಾದ ಅರ್ಥ. ಇಲ್ಲದ ಭಾವವನ್ನು ಇದೆಯೆಂದು ತೋರಿಸುವುದು, ಇದ್ದ ಭಾವವನ್ನು ನಾಲ್ಕು ಪಟ್ಟು ಹಿಗ್ಗಿಸಿ ಹೊರಹಾಕುವುದು ಎಂಬುದು ಅದರ ಮೇಲೆ ಬೆಳೆದ ಅರ್ಥ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳ ಸಿನಿಮಾ ಪುಟದಲ್ಲಿ ಮೊದಲನೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಒಬ್ಬ ನಟಿಯ 'ಹಿಸ್ಟ್ರಿಯಾನಿಕ್' ಶಕ್ತಿಯನ್ನು ಕಂಡು ಬೆರಗಾದೆವು ಎಂದು ಅಲ್ಲಿ ಬರೆದರೆ ಅದು ಹೊಗಳಿಕೆಯೇ. ಅದೇ ಪದಕ್ಕೆ ಬಹುವಚನದ ಬಾಲ ಸೇರಿಸಿ 'ಹಿಸ್ಟ್ರಿಯಾನಿಕ್ಸ್' ಎಂದು ಒಬ್ಬರ ನಡವಳಿಕೆಗೆ ಅಂಟಿಸಿದರೆ, ಇವರ ಅಳುವನ್ನು ನಂಬಬೇಡಿ, ಇವರ ಸಿಟ್ಟು ಸುಳ್ಳು ಎಂದು ಹೇಳಿದಂತೆ.

ಈ ಪದ ಹುಟ್ಟಿದ ಕಥೆಯನ್ನು ರೋಮಿನ ಇತಿಹಾಸಕಾರ ಲಿವಿ ಬರೆದಿಟ್ಟಿದ್ದಾನೆ. ಕ್ರಿಸ್ತಪೂರ್ವ 364ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗ. ಹಿಂದಿನ ವರ್ಷದಿಂದಲೇ ಜನ ಸಾಯುತ್ತಿದ್ದಾರೆ. ಮದ್ದಿಗೂ ಬಗ್ಗಲಿಲ್ಲ, ಹರಕೆಗೂ ಬಗ್ಗಲಿಲ್ಲ. ದೇವತೆಗಳ ಸಿಟ್ಟು ಇಳಿಸಲು ರೋಮಿನವರು ಪಕ್ಕದ ಎಟ್ರುರಿಯಾ ನಾಡಿನಿಂದ ಆಟದವರನ್ನು ಕರೆಸಿದರು. ಅವರು ಕೊಳಲಿನ ಗತ್ತಿಗೆ ಕುಣಿದರು. ಅಲ್ಲಿ ಹಾಡಿಲ್ಲ, ಕಥೆಯಿಲ್ಲ, ಮೈಯ ಚಲನೆಯಷ್ಟೇ. ರೋಮಿನ ಹುಡುಗರು ಅವರನ್ನು ನೋಡಿ ತಾವೂ ಕುಣಿಯತೊಡಗಿದರು, ನಡುನಡುವೆ ಮಾತು ಸೇರಿಸಿದರು. ಎಟ್ರುಸ್ಕನ್ ಭಾಷೆಯಲ್ಲಿ ಆಟದವನಿಗೆ 'ಇಸ್ಟರ್' ಎನ್ನುತ್ತಿದ್ದರಂತೆ. ಅದರಿಂದಲೇ ರೋಮಿನ ನಟರಿಗೆ 'ಹಿಸ್ಟ್ರಿಯೋ' ಎಂಬ ಹೆಸರು ಬಂತು ಎನ್ನುತ್ತಾನೆ ಲಿವಿ.

ಇದನ್ನು ಓದಿದ ದಿನ ರೋಮ್ ನನಗೆ ದೂರದ ಊರು ಅನ್ನಿಸಲೇ ಇಲ್ಲ. ಬೇನೆ ಬಂದಾಗ ಆಟದವರನ್ನು ಕರೆಸುವ ಊರು ನಮ್ಮದೂ ಅಲ್ಲವೇ? ಸಿಡುಬು, ಪ್ಲೇಗು ಬಂದ ಕಾಲಕ್ಕೆ ನಮ್ಮ ಹಳ್ಳಿಗಳು ಮಾರಿಗೆ ಹರಕೆ ಹೊತ್ತವು, ಆಕೆಯನ್ನು ಗಡಿ ದಾಟಿಸಿದವು, ದೇವರ ಮುಂದೆ ಇಡೀ ರಾತ್ರಿ ಬಯಲಾಟ ಆಡಿಸಿದವು. ಮಳೆ ಕೈಕೊಟ್ಟರೆ ಗುಡಿಯಲ್ಲಿ ವಿರಾಟಪರ್ವ ಓದಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಎಷ್ಟು ಕಡೆ ಇಲ್ಲ! ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆಯ ಜಾತ್ರೆಗೆ ನಮ್ಮ ಸೊರಬ, ಆನವಟ್ಟಿ, ಜಡೆಯ ಕಡೆಯಿಂದ ಜನ ಹೋಗುವುದು ಉಡಿ ತುಂಬುವುದಕ್ಕೆ ಎಷ್ಟೋ, ಅಲ್ಲಿ ಡೇರೆ ಹಾಕುವ ಕಂಪನಿ ನಾಟಕ ನೋಡುವುದಕ್ಕೂ ಅಷ್ಟೇ. ದೇವಿಗೆ ಕೈ ಮುಗಿದು ಬಂದ ಕೈಯಲ್ಲೇ ಟಿಕೇಟು. ಅದರಲ್ಲಿ ನಮಗೆ ಯಾವ ವಿರೋಧವೂ ಕಂಡಿಲ್ಲ.

ಶಿರಸಿಯಲ್ಲಿ ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ ನಡೆಯುತ್ತದೆ. ನೋಡದವರಿಗೆ ಅದನ್ನು ಹೇಳುವುದು ಕಷ್ಟ. ಬೆನ್ನಿಗೆ ನವಿಲುಗರಿಯ ದೊಡ್ಡ ಬೀಸಣಿಗೆ, ಮೈಗೆ ಕೆಂಪು ಬಟ್ಟೆ, ಮುಖಕ್ಕೆ ಗಾಢ ಬಣ್ಣ, ಕೈಯಲ್ಲಿ ಕತ್ತಿ ಗುರಾಣಿ. ತಮಟೆಯ ಪೆಟ್ಟು ಏರಿದಂತೆ ಬೇಡ ಜನರ ಮೇಲೆ ನುಗ್ಗುತ್ತಾನೆ. ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬರು ಹಿಂದಿನಿಂದ ಜಗ್ಗಿ ಹಿಡಿದಿರುತ್ತಾರೆ. ಆ ಹಗ್ಗ ಅಲಂಕಾರಕ್ಕಲ್ಲ. ಎದುರಿಗೆ ನಿಂತವರಿಗೆ ಅದು ಗೊತ್ತಾಗುತ್ತದೆ. ಹಗಲು ಅಂಗಡಿಯಲ್ಲಿ ಸಕ್ಕರೆ ಕಟ್ಟಿಕೊಡುವ ಹುಡುಗ ಅವನು ಎಂದು ತಿಳಿದಿದ್ದೂ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತವೆ.

ಇದರ ಹಿಂದಿನ ಕಥೆಯನ್ನು ಅಲ್ಲಿನವರು ಹೇಳುತ್ತಾರೆ. ಊರ ಕಾವಲಿಗೆಂದು ನೇಮಿಸಿದ್ದ ಮಲ್ಲೇಶಿ ಎಂಬ ಬೇಡ ಕಡೆಗೆ ಊರ ಹೆಣ್ಣುಮಕ್ಕಳಿಗೇ ಕಾಟವಾದನಂತೆ. ರುದ್ರಾಂಬಿಕೆ ಎಂಬಾಕೆ ಅವನನ್ನು ಒಲಿದವಳಂತೆ ನಡೆದು, ಮದುವೆಯಾಗಿ, ಹೋಳಿಯ ಕುಣಿತದ ಹೊತ್ತಿಗೆ ಅವನನ್ನು ಊರ ಕೈಗೆ ಹಿಡಿಸಿಕೊಟ್ಟಳಂತೆ. ಅವನನ್ನು ಸುಟ್ಟ ಬೆಂಕಿಗೆ ತಾನೂ ಬಿದ್ದಳಂತೆ. ಈ ಕಥೆ ಕೇಳಿದಾಗಲೆಲ್ಲ ನನ್ನನ್ನು ಒಂದು ಪ್ರಶ್ನೆ ಚುಚ್ಚುತ್ತದೆ. ರುದ್ರಾಂಬಿಕೆ ಮಾಡಿದ್ದು ನಾಟಕವೇ? ಒಲವು ನಟನೆಯಾಗಿದ್ದರೆ ಬೆಂಕಿಗೆ ಯಾಕೆ ಬಿದ್ದಳು? ನಟನೆ ಎಲ್ಲಿ ಮುಗಿಯಿತು, ನಿಜ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಯಾರಿಂದಲಾದರೂ ಆದೀತೇ? ಊರಂತೂ ಆ ಗೆರೆ ಎಳೆಯಲು ಹೋಗಲಿಲ್ಲ. ಎರಡು ವರ್ಷಕ್ಕೊಮ್ಮೆ ಬೀದಿಯಲ್ಲಿ ಆ ಭಯವನ್ನೂ ಆ ತ್ಯಾಗವನ್ನೂ ಕುಣಿದು ನೆನೆಯುತ್ತದೆ.

ಹಾಗಿದ್ದರೆ ನಟನ ಹೆಸರು ಬೈಗುಳವಾದದ್ದು ಹೇಗೆ? ರೋಮಿನಲ್ಲೇ ಅದರ ಬೇರಿದೆ. ರೋಗ ಬಂದಾಗ ಕರೆಸಿಕೊಂಡ ಆಟದವರನ್ನು ಆ ಸಮಾಜ ಸಮಾನವಾಗಿ ಕಾಣಲಿಲ್ಲ. ನಟರಲ್ಲಿ ಬಹಳ ಮಂದಿ ಗುಲಾಮರು. ಸ್ವತಂತ್ರನಾದವನು ರಂಗ ಹತ್ತಿದರೂ ಕಾನೂನಿನ ಕಣ್ಣಿಗೆ ಮಾನಗೆಟ್ಟವನು, ನಾಗರಿಕನ ಹಲವು ಹಕ್ಕುಗಳನ್ನು ಕಳೆದುಕೊಂಡವನು. ಗ್ರೀಕರಲ್ಲಿ ನಟನಿಗಿದ್ದ ಹೆಸರು 'ಹುಪೊಕ್ರಿಟೇಸ್'. ಅದೇ ಇಂಗ್ಲಿಷಿಗೆ 'ಹಿಪೊಕ್ರಿಟ್' ಆಗಿ ಬಂದು ಕಪಟಿ ಎಂಬ ಅರ್ಥದಲ್ಲಿ ನಿಂತಿತು. ಮೊದಲು ನಟನ ಮಾನ ಕಳೆದರು, ಆಮೇಲೆ ಅವನ ಹೆಸರನ್ನು ಮೋಸಗಾರನಿಗೆ ಇಟ್ಟರು.

ನಾವೂ ಕಡಿಮೆಯೇನಲ್ಲ. ಕಂಪನಿಯವರು ಊರಿಗೆ ಬಂದರೆ ಎತ್ತಿನಗಾಡಿ ಕಟ್ಟಿಕೊಂಡು ಹೋಗಿ ನೋಡಿದೆವು. ಅದೇ ನಟಿ ಬಾಡಿಗೆಗೆ ಒಂದು ಕೋಣೆ ಕೇಳಿದರೆ ಬಾಗಿಲು ಹಾಕಿದೆವು. ನಾಟಕದವನಿಗೆ ಹೆಣ್ಣು ಕೊಡಬಾರದೆಂದೆವು. ನಮ್ಮ ಮಾತಿನಲ್ಲಿ ಇವತ್ತಿಗೂ ಉಳಿದಿರುವ ನುಡಿಗಳನ್ನು ಒಮ್ಮೆ ಕೇಳಿಸಿಕೊಳ್ಳಿ. ನಾಟಕ ಆಡ್ತಾನೆ. ವೇಷ ಹಾಕ್ತಾಳೆ. ಅವನೊಬ್ಬ ಸೋಗಲಾಡಿ. ಬಣ್ಣದ ಮಾತಾಡ್ತಾನೆ. ಏನಾಟ ಇದು? ಆಟ, ವೇಷ, ಸೋಗು, ಬಣ್ಣ. ಚೌಕಿಯಲ್ಲಿ ಕೂತು ಅರದಾಳ, ಇಂಗಳೀಕ ಅರೆದು ಮುಖಕ್ಕೆ ಬರೆದುಕೊಳ್ಳುತ್ತಿದ್ದವರ ಬದುಕಿನ ಮಾತುಗಳಿವು. ಒಂದೊಂದನ್ನೂ ಎತ್ತಿ ತಂದು ಮೋಸಕ್ಕೆ ಕಟ್ಟಿದ್ದೇವೆ. ಇತ್ತೀಚಿನ ಮಕ್ಕಳು ಇದಕ್ಕೆ 'ಓವರ್ ಆ್ಯಕ್ಟಿಂಗ್', 'ಸೀನ್ ಕ್ರಿಯೇಟ್ ಮಾಡ್ಬೇಡ', 'ಡ್ರಾಮಾ ಕ್ವೀನ್' ಎಂಬ ಮಾತುಗಳನ್ನು ಸೇರಿಸಿಕೊಂಡಿದ್ದಾರೆ. ಡ್ರಾಮಾಕ್ಕೆ ರಾಣಿಯರೇ ಸಿಗುತ್ತಾರೆ, ರಾಜರ ಮಾತು ಕಿವಿಗೆ ಬೀಳುವುದು ಅಪರೂಪ. ಇದನ್ನು ಸ್ವಲ್ಪ ಹೊತ್ತು ನೆನಪಿನಲ್ಲಿಡಿ.

ನಮ್ಮ ನಾಡಿನಲ್ಲೇ ಇದಕ್ಕೆ ಎದುರಾದ ಒಂದು ನೆನಪೂ ಇದೆ. 12ನೇ ಶತಮಾನದ ಶರಣರ ನಡುವೆ ಬಹುರೂಪಿ ಚೌಡಯ್ಯ ಎಂಬ ವಚನಕಾರನಿದ್ದ. ಹೆಸರೇ ಹೇಳುವ ಹಾಗೆ ನಾನಾ ವೇಷ ಕಟ್ಟಿ ಆಡಿ ತೋರಿಸುವುದು ಅವನ ಕಾಯಕ. ಸೋಗನ್ನು, ಡಂಭವನ್ನು ಕಂಡರೆ ಕಿಡಿಕಾರುತ್ತಿದ್ದ ಶರಣರೇ ವೇಷ ಕಟ್ಟುವವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವನ ಕಾಯಕವೇ ಅವನ ಹೆಸರಾಗಿ ಉಳಿಯಿತು. ಮೈಸೂರಿನ ರಂಗಾಯಣ ತನ್ನ ನಾಟಕೋತ್ಸವವನ್ನು 'ಬಹುರೂಪಿ' ಎಂದು ಕರೆಯುವಾಗ ನನಗೆ ಅವನೇ ನೆನಪಾಗುತ್ತಾನೆ. ಬಣ್ಣ ಹಚ್ಚಿ ಎಲ್ಲರೆದುರು ನಿಲ್ಲುವವನಿಗೂ ಬಣ್ಣ ಹಚ್ಚದೆ ವಂಚಿಸುವವನಿಗೂ ಇರುವ ಅಂತರವನ್ನು ಆ ಕಾಲದವರು ಸರಿಯಾಗಿ ಕಂಡಿದ್ದರು ಎಂದು ನನ್ನ ನಂಬಿಕೆ. ನಟ ಯಾರಿಗೂ ಮೋಸ ಮಾಡುವುದಿಲ್ಲ. ಭೀಮನಾಗಿ ನಿಂತವನು ಭೀಮನಲ್ಲವೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಗೊತ್ತಿದ್ದೂ ಅಳುತ್ತೇವೆ.

ಆ ಶರಣರಲ್ಲೇ ಒಬ್ಬನಾದ ಅಲ್ಲಮನ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಅವನು ನಮ್ಮ ಸೀಮೆಯವನು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅವನ ಊರು. ಹರಿಹರ ಕವಿ ಹೇಳುವ ಕಥೆಯಲ್ಲಿ ಅಲ್ಲಮ ಕಮಲತೆ ಎಂಬ ಹೆಣ್ಣನ್ನು ಒಲಿದು ಮದುವೆಯಾಗುತ್ತಾನೆ. ಜ್ವರ ಬಂದು ಕಮಲತೆ ಸಾಯುತ್ತಾಳೆ. ಅವನು ಹುಚ್ಚನ ಹಾಗೆ ಅವಳ ಹೆಸರು ಕೂಗುತ್ತ ಅಲೆಯುತ್ತಾನೆ. ಮುಂದೆ 15ನೇ ಶತಮಾನದಲ್ಲಿ ಚಾಮರಸ ಪ್ರಭುಲಿಂಗಲೀಲೆ ಬರೆದಾಗ ಆ ದುಃಖಿ ಅಲ್ಲಮ ಕಾಣುವುದಿಲ್ಲ. ಬನವಾಸಿಯಲ್ಲಿ ಮಾಯೆಯ ಕುಣಿತಕ್ಕೆ ಮದ್ದಳೆ ನುಡಿಸಿಯೂ ಅಂಟದೆ ಉಳಿಯುವ ಅಲ್ಲಮ ಬರುತ್ತಾನೆ. ಚಾಮರಸನ ಕಾವ್ಯ ದೊಡ್ಡದು, ಒಪ್ಪಿದೆ. ಆದರೂ ನನ್ನ ಮನಸ್ಸು ವಾಲುವುದು ಹರಿಹರನ ಕಡೆಗೆ. ಹೆಂಡತಿ ಸತ್ತಾಗ ಬೀದಿಯಲ್ಲಿ ಕೂಗಿ ಅತ್ತ ಒಬ್ಬ ಗಂಡಸನ್ನು ಆ ಕವಿ ಕಡಿಮೆ ಮಾಡಿ ನೋಡಲಿಲ್ಲ. ಅಳುವ ಗಂಡಸನ್ನು ನಂಬಬಾರದು ಎಂಬ ಗಾದೆ ಕಟ್ಟಿದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಈಗ ನನಗೆ ಬಹಳ ಹತ್ತಿರದ ಸಂಗತಿಗೆ ಬರುತ್ತೇನೆ. ಹುಡುಗನಾಗಿದ್ದಾಗ ನಾನೂ ಊರ ನಾಟಕದಲ್ಲಿ ಬಣ್ಣ ಹಚ್ಚಿದವನು. ಭತ್ತದ ಒಕ್ಕಲು ಮುಗಿದ ಮೇಲೆ ಕಣದಲ್ಲೇ ತಾಲೀಮು. ಗಾಲಿಗೆ ಎಣ್ಣೆಯಿದ್ದಂತೆ ನಾಟಕಕ್ಕೆ ಪೇಟಿ. ಹಾರ್ಮೋನಿಯಂ ಪೇಟಿಯ ಮೇಷ್ಟ್ರು ಹೊರಗಿನಿಂದ ಬಂದು ಎರಡು ತಿಂಗಳು ಯಾರದೋ ಮನೆಯಲ್ಲಿ ಉಳಿಯುತ್ತಿದ್ದರು. ಮೊದಲ ದಿನ ನಾನು ಮಾತು ಒಪ್ಪಿಸಿದೆ. ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದೆ, ಅದೇ ಸಹಜ ಎಂದುಕೊಂಡಿದ್ದೆ. ಮೇಷ್ಟ್ರು ಏನೂ ಅನ್ನಲಿಲ್ಲ. ಲಾಟೀನು ತೆಗೆದುಕೊಂಡು ಕಣದ ಆಚೆ ತುದಿಗೆ, ಹುಲ್ಲಿನ ಬಣವೆಯ ಹತ್ತಿರ ಹೋಗಿ ನಿಂತರು. ಅಲ್ಲಿಂದ ಕೂಗಿದರು: "ಇಲ್ಲಿ ಒಂದು ಅಜ್ಜಿ ಕೂತಿರ್ತಾಳೆ. ಮುಂದೆ ಚಾಪೆ ಹಾಸಾಕೆ ಅವಳಿಗೆ ಯಾರೂ ಬಿಟ್ಟಿರಲ್ಲ. ಅವಳಿಗೆ ಕೇಳೋ ಹಂಗೆ ಹೇಳು. ಕೇಳಿಸ್ತು ಅಂದ್ರೆ ಲಾಟೀನು ಎತ್ತುತೀನಿ."

ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಗಂಟಲು ಹರಿದುಕೊಂಡರೆ ಪದ ಒಡೆಯುತ್ತಿತ್ತು, ಪದ ಉಳಿಸಿದರೆ ದನಿ ಸೋಲುತ್ತಿತ್ತು. ಹೊಟ್ಟೆಯಿಂದ ಉಸಿರು ತೆಗೆದು ಕೊನೆಯ ಅಕ್ಷರವನ್ನು ಎಳೆಯಬೇಕು, ಕೈಯನ್ನು ಹೆಗಲಿಗಿಂತ ಮೇಲೆ ಎತ್ತಬೇಕು, ಮುಖವನ್ನು ದೀಪಕ್ಕೆ ಕೊಡಬೇಕು ಎಂದು ತಿಳಿಯಲು ವಾರ ಹಿಡಿಯಿತು. ಒಂದು ರಾತ್ರಿ ಲಾಟೀನು ಮೇಲೆದ್ದಿತು.

ಕಂಪನಿ ನಾಟಕದ ಎತ್ತರದ ದನಿಯನ್ನು, ದೊಡ್ಡ ಕೈಸನ್ನೆಯನ್ನು ಅತಿರೇಕ ಎಂದು ಹಳಿಯುವವರಿಗೆ ನಾನು ಈ ಲಾಟೀನಿನ ಮಾತು ಹೇಳುತ್ತೇನೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದಾಗ ಧ್ವನಿವರ್ಧಕ ಎಲ್ಲಿತ್ತು? ವರದಾಚಾರ್ಯರು ಹಾಡಿದ್ದು, ಗುಬ್ಬಿ ವೀರಣ್ಣನವರು ನಗಿಸಿದ್ದು ಬರಿಯ ಗಂಟಲಿನ ಬಲದಿಂದ. ಕಂದಗಲ್ಲ ಹನುಮಂತರಾಯರ ರಕ್ತರಾತ್ರಿಯ ಮಾತುಗಳನ್ನು ಪಿಸುದನಿಯಲ್ಲಿ ಹೇಳಿ ನೋಡಿ, ಅವು ನಿಲ್ಲುವುದಿಲ್ಲ. ದೂರ ಹೋಗುವುದಕ್ಕೆಂದೇ ಬರೆದ ಮಾತುಗಳು ಅವು. ಆಮೇಲೆ ಸಿನಿಮಾ ಬಂತು. ಕ್ಯಾಮರಾ ಮುಖದ ಹತ್ತಿರ ಬಂದು ನಿಂತಿತು, ರೆಪ್ಪೆ ಅಲುಗಿದರೂ ಕಾಣತೊಡಗಿತು. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರ್ 1954ರಲ್ಲಿ ಬೇಡರ ಕಣ್ಣಪ್ಪದ ಹೊತ್ತಿಗೆ ರಂಗದ ಆ ಗಂಟಲನ್ನೇ ತೆರೆಗೆ ತಂದರು. ವರ್ಷ ಕಳೆದಂತೆ ಅದನ್ನು ಹೇಗೆ ಇಳಿಸಿ ಹದ ಮಾಡಿಕೊಂಡರು ಎಂಬುದನ್ನು ಅವರ ಚಿತ್ರಗಳನ್ನು ಸಾಲಾಗಿ ನೋಡಿದವರು ಬಲ್ಲರು. ಕೇಳುವವರು ಹತ್ತಿರ ಬಂದಿದ್ದರು, ಅದಕ್ಕೇ ದನಿ ಇಳಿಯಿತು.

ನಮ್ಮ ಶಾಸ್ತ್ರದ ಪದ 'ಅಭಿನಯ' ಇದನ್ನೇ ಹೇಳುತ್ತದೆ. ಅಭಿ ಎಂದರೆ ಕಡೆಗೆ, ನೀ ಎಂದರೆ ಒಯ್ಯು. ಎದುರಿಗಿರುವವರ ಕಡೆಗೆ ಒಯ್ದು ಮುಟ್ಟಿಸುವುದೇ ಅಭಿನಯ. ಭರತನ ನಾಟ್ಯಶಾಸ್ತ್ರ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅದನ್ನು ನಾಲ್ಕು ಬಗೆ ಮಾಡಿ, ಕಣ್ಣೀರು, ನಡುಕ, ಬೆವರು, ದನಿ ಒಡೆಯುವುದು ಇವನ್ನೆಲ್ಲ ಸಾತ್ತ್ವಿಕದಲ್ಲಿ ಇಡುತ್ತದೆ. ಮನಸ್ಸು ಒಂದೆಡೆ ನಿಲ್ಲದೆ ಇವು ಮೈಯಲ್ಲಿ ಬರಲಾರವು ಎನ್ನುತ್ತದೆ. ನಟನ ಕಣ್ಣೀರನ್ನೂ ಸುಳ್ಳು ಎನ್ನಲು ಒಪ್ಪದ ಶಾಸ್ತ್ರ ಅದು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ. ವಿ. ಸುಬ್ಬಣ್ಣನವರ ಕೈಯಲ್ಲಿ ಬೆಳೆದು, ಅಡಿಕೆ ತೋಟದ ನಡುವೆ ಈ ವಿದ್ಯೆಯನ್ನು ಕಲಿಸುವ ಶಾಲೆಯನ್ನೇ ಕಟ್ಟಿತು. 1985ರಿಂದ ಅದರ ತಿರುಗಾಟ ಊರೂರು ಸುತ್ತುತ್ತಿದೆ. ಹಳ್ಳಿಯ ಜನ ಅಲ್ಲಿ ಶೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ನೋಡಿದ್ದಾರೆ. ಇಷ್ಟೆಲ್ಲ ಇದ್ದೂ 'ನಾಟಕ' ನಮ್ಮ ಬಾಯಲ್ಲಿ ಬೈಗುಳವಾಗಿಯೇ ಉಳಿದಿದೆ.

ಇನ್ನೊಂದು ಕಡೆ 'ಹಿಸ್ಟ್ರಿಯಾನಿಕ್' ಎಂಬ ಪದ ವೈದ್ಯರ ಕೈಗೂ ಹೋಯಿತು. ಹಿಂದೆ ಅವರು ಭಾವ ಉಕ್ಕಿ ಹರಿಯುವುದಕ್ಕೆ 'ಹಿಸ್ಟೀರಿಯಾ' ಎನ್ನುತ್ತಿದ್ದರು. ಅದರ ಮೂಲ ಗ್ರೀಕಿನ ಗರ್ಭಕೋಶ ಎಂಬ ಪದ. ಹೆಣ್ಣಿನ ಗರ್ಭವೇ ಅವಳ ಅತಿಯಾದ ಭಾವಕ್ಕೆ ಕಾರಣ ಎಂಬ ಹಳೆಯ ತಪ್ಪು ನಂಬಿಕೆ ಆ ಹೆಸರಿನೊಳಗೆ ಕೂತಿತ್ತು. ಡ್ರಾಮಾದ ರಾಣಿಯರನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕೇ. ಕೇಳಲು ಒಂದೇ ಥರ ಇದ್ದರೂ ಹಿಸ್ಟೀರಿಯಾಕ್ಕೂ ಹಿಸ್ಟ್ರಿಯಾನಿಕ್‌ಗೂ ಹುಟ್ಟಿನ ನಂಟಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1980ರ ತನ್ನ ಕೈಪಿಡಿಯಲ್ಲಿ ಗರ್ಭಕೋಶದ ಹೆಸರನ್ನು ಕೈಬಿಟ್ಟು, ಒಂದು ಬಗೆಯ ವ್ಯಕ್ತಿತ್ವದ ತೊಂದರೆಗೆ ನಟನ ಹೆಸರನ್ನು ಇಟ್ಟಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ಆ ಬಗೆ ಪ್ರತ್ಯೇಕವಾಗಿ ಇಲ್ಲ. ವೈದ್ಯರು ತೂಗಿ ಆಡಬೇಕಾದ ಇಂಥ ಪದವನ್ನು ಯಾರೋ ಒಬ್ಬರು ಜೋರಾಗಿ ಅತ್ತರೆಂದು ಅವರ ಹಣೆಗೆ ಅಂಟಿಸುವುದನ್ನು ನಾನು ಕೇಳಿದ್ದೇನೆ. ಅದು ಅನ್ಯಾಯ.

ನಮ್ಮ ಸುದ್ದಿವಾಹಿನಿಗಳಿಗೆ ಇನ್ನೊಂದು ಪದ ಸಿಕ್ಕಿದೆ, 'ಹೈಡ್ರಾಮಾ'. ವಿಧಾನಸಭೆಯಲ್ಲಿ ಶಾಸಕರು ಕಾಗದ ಹರಿದರೂ ಹೈಡ್ರಾಮಾ. ಠಾಣೆಯ ಮುಂದೆ ಮಗಳನ್ನು ಕಳೆದುಕೊಂಡ ತಾಯಿ ನೆಲಕ್ಕೆ ಬಿದ್ದು ಹೊರಳಿದರೂ ಹೈಡ್ರಾಮಾ. ಎರಡಕ್ಕೂ ಅದೇ ಕೆಂಪು ಅಕ್ಷರ. ಸತ್ತವರ ಮುಂದೆ ನಮ್ಮ ಹೆಂಗಸರು ರಾಗವಾಗಿ, ಒಂದೊಂದೇ ನೆನಪು ಎತ್ತಿ ಹಾಡಿಕೊಂಡು ಅಳುವುದನ್ನು ನೀವು ಕೇಳಿದ್ದೀರಿ. ಆ ರಾಗಕ್ಕೆ ಒಂದು ಕ್ರಮವಿದೆ, ಸುತ್ತಲಿನವರು ದನಿಗೂಡಿಸುವ ಜಾಗಗಳಿವೆ. ಕ್ರಮ ಇದೆಯೆಂದು ಆ ದುಃಖ ಸುಳ್ಳಾಗುವುದಿಲ್ಲ. ಎದೆಯಲ್ಲಿ ಹಿಡಿಸಲಾರದ್ದನ್ನು ಹೊರಗೆ ತರಲು ಅವರಿಗೆ ಅಜ್ಜಿ, ಮುತ್ತಜ್ಜಿ ಕೊಟ್ಟು ಹೋದ ದಾರಿ ಅದು.

ಕೆಲವು ವರ್ಷಗಳ ಹಿಂದೆ ನಾನು ಪಹಣಿಯ ಕೆಲಸಕ್ಕೆಂದು ಒಂದು ಕಚೇರಿಗೆ ಹೋಗಿದ್ದೆ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿಕೊಂಡಿದ್ದ, ವಿಧವಾ ವೇತನದ ಅರ್ಜಿ. ಮೇಜಿನ ಹಿಂದಿದ್ದವರು ತಲೆ ಎತ್ತದೆ, ಇನ್ನೊಂದು ಕಾಗದ ಬೇಕು, ಮುಂದಿನ ವಾರ ಬಾ ಎಂದರು. ಆಕೆ ಒಮ್ಮೆಲೇ ದನಿ ಏರಿಸಿದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ, ಮನೆಯಲ್ಲಿ ಎಷ್ಟು ಮಕ್ಕಳು, ಅಕ್ಕಿ ಎಷ್ಟು ದಿನದ್ದಿದೆ ಎಂದು ಕೂಗಿ ಹೇಳಿದಳು. ಕಚೇರಿಗೆ ಕಚೇರಿಯೇ ತಿರುಗಿತು. "ನಾಟಕ ಎಲ್ಲ ಬ್ಯಾಡಮ್ಮ ಇಲ್ಲಿ" ಎಂದರು ಮೇಜಿನ ಹಿಂದಿದ್ದವರು. ಸಾಲಿನಲ್ಲಿ ನಿಂತಿದ್ದ ಯಾರೋ ನಕ್ಕರು. ನಾನು ನಗಲಿಲ್ಲ. ಆದರೆ ಕೈಯಲ್ಲಿದ್ದ ನನ್ನ ಕಾಗದದ ಕಡೆ ನೋಡಿದೆ, ಆಕೆ ಹೊರಗೆ ಹೋಗುವವರೆಗೂ ಅದನ್ನೇ ನೋಡುತ್ತಿದ್ದೆ. ಕಣದ ಆಚೆ ತುದಿಯ ಅಜ್ಜಿಗೆ ಮಾತು ಮುಟ್ಟಿಸುವುದನ್ನು ಎರಡು ತಿಂಗಳು ಕಲಿತವನು ನಾನು.

ಅಂದು ಸಂಜೆ ಮನಸ್ಸು ತಡೆಯದೆ ಆಕೆಯ ಮನೆಗೆ ಹೋದೆ. ಕೊಟ್ಟಿಗೆಯ ಬಾಗಿಲಲ್ಲಿ ಹುಲ್ಲು ಹಾಕುತ್ತಿದ್ದಳು. ಬೇಕಾದ ಕಾಗದ ಮಾಡಿಸಲು ನಾಳೆ ನಾನೂ ಬರುತ್ತೇನೆ ಎಂದೆ. ತಲೆ ಆಡಿಸಿದಳು. ಇಷ್ಟು ಜೋರಾಗಿ ಕೂಗುವ ಮೊದಲು ನನಗಾದರೂ ಒಂದು ಮಾತು ಹೇಳಬಾರದಿತ್ತೇ ತಂಗಿ ಎಂದು ಕೇಳಿದೆ. ಹುಲ್ಲಿನ ಹೊರೆ ಇಳಿಸಿ, ನನ್ನ ಮುಖ ನೋಡಿ, ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ಆರು ಸಲ ಹೋಗಿದ್ದೆ ಅಣ್ಣ. ಮೆತ್ತಗೇ ಹೇಳಿದ್ದೆ."